ರಿಪೋರ್ಟಲ್ಲಿ ಏನೂ ಇಲ್ಲ, ಬೆರಳು ಮಾತ್ರ ಮಡಚಲ್ಲ

ಬ್ಲೌಸಿಗೆ ಹುಕ್ಸ್ ಹಾಕುವುದು ನಮ್ಮ ಕೆಲಸದಲ್ಲಿ ಕೊನೆಯದು, ಎಲ್ಲಕ್ಕಿಂತ ಸುಲಭದ್ದು. ಟೀವಿ ನೋಡುತ್ತಾ, ಪಕ್ಕದ ಮನೆಯವರ ಜೊತೆ ಮಾತಾಡುತ್ತಾ ಗಂಟೆಗೆ ನಾಲ್ಕು ಬ್ಲೌಸ್ ಮುಗಿಸುತ್ತಿದ್ದವಳು ನಾನು. 2023ರ ಯುಗಾದಿ ಕಳೆದ ವಾರ ಒಂದು ಬೆಳಿಗ್ಗೆ ಹುಕ್ಸಿನ ಪ್ಯಾಕೆಟ್ ಬಿಚ್ಚಿಕೊಂಡು ಕೂತೆ. ಹುಕ್ಕು ಬೆರಳಿಗೆ ಸಿಗುತ್ತಲೇ ಇಲ್ಲ. ಹೆಬ್ಬೆರಳು ತೋರುಬೆರಳು ಹತ್ತಿರ ಬರುತ್ತವೆ, ಹಿಡಿತ ಬರಲ್ಲ. ಹುಕ್ಕು ಜಾರಿ ಚಾಪೆ ಮೇಲೆ ಬೀಳುತ್ತದೆ. ಎತ್ತಿದರೆ ಮತ್ತೆ ಬೀಳುತ್ತದೆ. ಹತ್ತು ಗಂಟೆ ಹೊತ್ತಿಗೆ ಕೈ ತಾನಾಗೇ ಸಡಿಲವಾಯಿತು. ಹಬ್ಬಕ್ಕೆ ಜಾಸ್ತಿ ಹೊಲಿದ ಸುಸ್ತು ಅಂದುಕೊಂಡು ಸುಮ್ಮನಾದೆ.

ತುಮಕೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹದಿನೇಳು ವರ್ಷದಿಂದ ಹೊಲಿಯುತ್ತಿದ್ದೇನೆ. ಆಗ ನನಗೆ 43. ಯಜಮಾನರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಕೆಲಸ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತೆ.

ಒಂದು ತಿಂಗಳು ಹೀಗೇ ಹೋಯಿತು. ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ಟರೆ ಜಲ್ಲಿ ಕಲ್ಲಿನ ಮೇಲೆ ನಿಂತ ಹಾಗೆ. ನಲ್ಲಿ ತಿರುಗಿಸಲು ಅಂಗೈ ಬಳಸದೆ ಮೊಣಕೈಯಿಂದ ತಳ್ಳುತ್ತಿದ್ದೆ. ಕುಕ್ಕರ್ ಮುಚ್ಚಳ ಹಾಕುವುದು ಮಗಳ ಪಾಲಿಗೆ ಬಂತು. ಮುದ್ದೆ ತಿರುವೋಕೆ ಅತ್ತೆ ಬಂದು ನಿಂತರು, ಅವರಿಗೆ 71. ‘ನಮ್ಮ ಸೋದರತ್ತೆಗೂ ಹಿಂಗೇ ಆಗಿತ್ತು ಕಣಮ್ಮ, ವಾಯು. ಕೊನೆಗೆ ಬೆರಳೆಲ್ಲಾ ಒಂದು ಕಡೆ ವಾಲಿಬಿಟ್ಟವು’ ಅಂದರು. ಮನೆಯಲ್ಲಿ ಯಾರೂ ಆ ಮಾತಿಗೆ ಕಿವಿ ಕೊಡಲಿಲ್ಲ. ಈಗ ಯೋಚಿಸಿದರೆ, ಇಡೀ ವರ್ಷದಲ್ಲಿ ಮೊದಲು ಸರಿಯಾಗಿ ಹೇಳಿದವರು ಅವರೇ.

ಬೀದಿ ಕೊನೆಯ ಡಾಕ್ಟರು ಬಿ12, ಕ್ಯಾಲ್ಸಿಯಂ, ನೋವಿನ ಮಾತ್ರೆ ಬರೆದರು. ನೋವಿನ ಮಾತ್ರೆ ತಗೊಂಡ ದಿನ ಚೆನ್ನಾಗಿರುತ್ತಿದ್ದೆ. ಬಿಟ್ಟ ದಿನ ಅಷ್ಟೇ. ಜೂನ್ ತಿಂಗಳಲ್ಲಿ ಮೂಳೆ ಡಾಕ್ಟರ ಹತ್ತಿರ ಹೋದೆವು. ಎರಡೂ ಕೈಗೆ ಎಕ್ಸ್‌ರೇ. ರಕ್ತದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಕೀಲುವಾತ ನೋಡೋಕೆ ಆರ್‌ಎ ಫ್ಯಾಕ್ಟರ್, ಯೂರಿಕ್ ಆಸಿಡ್, ಥೈರಾಯಿಡ್, ಮೈಯೊಳಗೆ ಉರಿಯೂತ ಇದೆಯಾ ಅಂತ ನೋಡೋಕೆ ಇಎಸ್‌ಆರ್, ಸಿಆರ್‌ಪಿ, ಜೊತೆಗೆ ಚಿಕುನ್‌ಗುನ್ಯಾ. ಆ ಜ್ವರ ಬಂದು ಹೋದ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡವರನ್ನು ನಮ್ಮ ಕಡೆ ಎಲ್ಲರೂ ನೋಡಿದ್ದಾರಲ್ಲ, ಹಾಗಾಗಿ ಅದನ್ನೂ ನೋಡಿಬಿಡೋಣ ಅಂದರು.

ಎಲ್ಲಾ ನೆಗೆಟಿವ್. ಇಎಸ್‌ಆರ್ 18, ಸಿಆರ್‌ಪಿ 4.1. ಎರಡೂ ಅವರ ಗೆರೆಯೊಳಗೇ. ಎಕ್ಸ್‌ರೇ ನೋಡಿ ‘ಮೂಳೆ ಚೆನ್ನಾಗಿದೆಯಮ್ಮ, ಏನೂ ಇಲ್ಲ. ವಯಸ್ಸಿನ ಬದಲಾವಣೆ ಇರುತ್ತೆ. ಹೊಲಿಗೆ ಸ್ವಲ್ಪ ಕಡಿಮೆ ಮಾಡಿ’ ಅಂದರು. ಅವರು ನನ್ನ ಕೈಯನ್ನು ಹಿಡಿದು ನೋಡಿದ ನೆನಪು ನನಗಿಲ್ಲ. ಎಕ್ಸ್‌ರೇಯನ್ನು ಮಾತ್ರ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

ಯಜಮಾನರಿಗೆ ಖುಷಿಯೋ ಖುಷಿ. ವಾಪಸ್ ಬರುವಾಗ ತಟ್ಟೆ ಇಡ್ಲಿ ಕೊಡಿಸಿದರು. ಲೆಕ್ಕ ಬರೆಯುವವರಿಗೆ ಕಾಗದದ ಮೇಲೆ ಇರುವುದೇ ನಿಜ. ಅವರದ್ದು ತಪ್ಪು ಅಂತ ಹೇಳುತ್ತಿಲ್ಲ, ನನಗೂ ಹಾಗೇ ಅನ್ನಿಸಿತ್ತು. ರಿಪೋರ್ಟ್ ನಾರ್ಮಲ್ ಅಂದ ಮೇಲೆ ನೋವು ಅಂತ ಬಾಯಿ ಬಿಡೋಕೆ ನಾಚಿಕೆ. ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ ಆಡುತ್ತಿದ್ದೇನೆ ಅಂತ ಅತ್ತೆ ಅಂದುಕೊಂಡರೆ? ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಮುಳುಗಿಸಿಕೊಂಡು ಬಚ್ಚಲಲ್ಲಿ ಕೂರುವುದು ಅಭ್ಯಾಸವಾಯಿತು. ಯಾರಿಗೂ ಹೇಳುತ್ತಿರಲಿಲ್ಲ.

ಜುಲೈಯಲ್ಲಿ ಒಂದು ದಿನ ನನ್ನ ಮೇಲೆ ನನಗೇ ಅನುಮಾನ ಬಂತು. ನಿಜವಾಗಲೂ ಊದಿಕೊಳ್ಳುತ್ತಾ, ಇಲ್ಲಾ ನನ್ನ ಭ್ರಮೆಯಾ? ಕೊರಳಲ್ಲೇ ಅಳತೆ ಟೇಪ್ ನೇತಾಡುತ್ತಿತ್ತು. ಬಲಗೈ ನಡುಬೆರಳಿನ ನಡು ಗೆಣ್ಣಿಗೆ ಸುತ್ತಿ ನೋಡಿದೆ. ಬ್ಲೌಸಿಗಾದರೆ ಇಂಚು, ಇದಕ್ಕೆ ಟೇಪಿನ ಹಿಂದುಗಡೆಯ ಸೆಂಟಿಮೀಟರೇ ಸರಿ. ಬೆಳಿಗ್ಗೆ ಆರೂವರೆಗೆ 6.5. ಸಂಜೆ ನಾಲ್ಕಕ್ಕೆ 6.1. ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿ, ಎದೆ ಸುತ್ತಳತೆ, ತೋಳು, ಶೋಲ್ಡರ್ ಅಂತೆಲ್ಲಾ ಇರುವ ಪುಟಗಳ ನಡುವೆ, ಒಂದು ಪುಟಕ್ಕೆ ನನ್ನ ಹೆಸರು ಬರೆದುಕೊಂಡೆ. ದಿನಾ ಎರಡು ಸಲ ಅಳತೆ. ಎರಡೂ ಕೈಯ ನಡುಬೆರಳು, ಎರಡೂ ಮಣಿಕಟ್ಟು. ಎಷ್ಟು ಗಂಟೆಗೆ ಮುಷ್ಟಿ ಮಡಚಲು ಬಂತು ಅನ್ನುವುದನ್ನೂ ಬರೆಯುತ್ತಿದ್ದೆ: 9.10, 9.40, 10.15. ಇದರಿಂದ ಏನಾಗಬೇಕು ಅಂತ ಗೊತ್ತಿರಲಿಲ್ಲ. ಅಳತೆ ತಗೊಳ್ಳುವುದು ಬಿಟ್ಟು ನನಗೆ ಬೇರೇನೂ ಬರಲ್ಲ, ಅಷ್ಟೇ.

ಆಗಸ್ಟಿನಲ್ಲಿ ಯಾರೋ ಹೇಳಿದರು ಅಂತ ಒಂದು ಪುಡಿ ತರಿಸಿದೆವು. ಪೊಟ್ಟಣದ ಮೇಲೆ ಹೆಸರಿಲ್ಲ, ವಿಳಾಸವಿಲ್ಲ. ‘ಬೇರಿನ ಔಷಧಿ’ ಅಂದರು. ಮೂರೇ ದಿನದಲ್ಲಿ ನಾನು ಹುಡುಗಿಯಾಗಿಬಿಟ್ಟೆ! ಚೆನ್ನಾಗಿ ಹಸಿವು, ಮುಖ ತುಂಬಿಕೊಂಡಿತು, ರಾತ್ರಿ ಹನ್ನೊಂದರವರೆಗೆ ಮೆಷಿನ್ ತುಳಿದೆ. ಇಪ್ಪತ್ತು ದಿನಕ್ಕೆ ಪುಡಿ ಮುಗಿಯಿತು. ನಿಲ್ಲಿಸಿದ ನಾಲ್ಕನೇ ದಿನ ಹಾಸಿಗೆಯಿಂದ ಏಳೋಕೆ ಯಜಮಾನರು ಬೆನ್ನಿಗೆ ಕೈ ಕೊಡಬೇಕಾಯಿತು.

ಗೌರಿ ಹಬ್ಬಕ್ಕೆ ಬಳೆ ತೊಡಿಸಿಕೊಳ್ಳಲು ಹೋದೆ. ಮದುವೆಯಾದಾಗಿನಿಂದ ನನ್ನದು ಎರಡು ನಾಲ್ಕು ಸೈಜು. ಆ ಅಂಗಡಿಯ ಅಮ್ಮನಿಗೂ ಗೊತ್ತು, ಕೇಳುವುದೇ ಇಲ್ಲ, ತೆಗೆದುಬಿಡುತ್ತಾರೆ. ಅವತ್ತು ನನ್ನ ಬೆರಳುಗಳನ್ನು ಒಟ್ಟು ಮಾಡಿ ಹಿಂಡಿದರು ನೋಡಿ, ಕಣ್ಣಲ್ಲಿ ನೀರು ಬಂತು. ಬೆರಳಿನ ಬುಡದ ಗೆಣ್ಣುಗಳನ್ನು ಅಡ್ಡಕ್ಕೆ ಅದುಮಿದರೆ ಪ್ರಾಣ ಹೋದ ಹಾಗೆ. ಎರಡು ಬಳೆ ಒಡೆದವು. ಅವರು ಮಾತಾಡದೆ ಎರಡು ಆರರ ಡಜನ್ನು ತೆಗೆದರು. ‘ದಪ್ಪ ಆಗಿದೀರಾ’ ಅಂತ ಕೇಳಲೂ ಇಲ್ಲ. ನಾನು ಐದು ಕೆಜಿ ಇಳಿದಿದ್ದೆ.

ಇಷ್ಟಾದ ಮೇಲೆ ಇನ್ನೊಬ್ಬ ಡಾಕ್ಟರು ಆ್ಯಂಟಿ ಸಿಸಿಪಿ ಅಂತ ಒಂದು ಪರೀಕ್ಷೆ ಬರೆದರು. ಆರ್‌ಎ ಫ್ಯಾಕ್ಟರಿಗಿಂತ ಇದು ನಿಖರ, ಆ ಕೀಲುವಾತ ಇಲ್ಲದವರಲ್ಲಿ ಸುಮ್ಸುಮ್ನೆ ಪಾಸಿಟಿವ್ ಬರುವುದು ಕಡಿಮೆ ಅಂದರು. ರಿಪೋರ್ಟಿಗೆ ಎರಡು ದಿನ. ಆ ಎರಡು ದಿನ ನಾನು ದೇವರ ಮುಂದೆ ನಿಂತು ಪಾಸಿಟಿವ್ ಬರಲಿ ಅಂತ ಕೇಳಿಕೊಂಡೆ. ಯಾರಾದರೂ ಕಾಯಿಲೆ ಬರಲಿ ಅಂತ ಬೇಡುತ್ತಾರಾ? ನಾನು ಬೇಡಿದೆ. ಮೊಬೈಲಿಗೆ ಬಂದ ರಿಪೋರ್ಟನ್ನು ಮಗಳು ಓದಿದಳು. 3.2. ಪಕ್ಕದಲ್ಲಿ 17ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್ ಅಂತ ಇತ್ತು. ಸಿಆರ್‌ಪಿ ಮತ್ತೆ ನಾರ್ಮಲ್. ‘ಮಮ್ಮಿ, ಏನೂ ಇಲ್ಲ!’ ಅಂತ ಕುಣಿದಳು. ನಾನು ಅಡುಗೆ ಮನೆಗೆ ಹೋಗಿ ಅತ್ತುಬಿಟ್ಟೆ.

ದಾರಿ ತೋರಿಸಿದ್ದು ಒಬ್ಬ ಗಿರಾಕಿ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ದೀಪಾವಳಿಗೆ ಮುಂಚೆ ಬ್ಲೌಸ್ ಅಳತೆ ಕೊಡಲು ಬಂದಿದ್ದರು. ನಾನು ಟೇಪ್ ಹಿಡಿಯುವ ರೀತಿ ನೋಡಿ ‘ಅಕ್ಕಾ, ಕೈ ಇಲ್ಲಿ ಕೊಡಿ’ ಅಂದರು. ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು. ‘ಇದು ಮೂಳೆ ಡಾಕ್ಟರ ಕೆಲಸ ಅಲ್ಲಕ್ಕಾ. ರುಮಟಾಲಜಿಸ್ಟ್ ಅಂತ ಇರ್ತಾರೆ, ಕೀಲುವಾತಕ್ಕೇ ಬೇರೆ ಡಾಕ್ಟರು. ಬೆಂಗಳೂರಿಗೆ ಹೋಗಿ. ತಡ ಮಾಡಬೇಡಿ’ ಅಂದರು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅಳತೆ ಪುಸ್ತಕದಲ್ಲೇ ಬರೆಸಿಕೊಂಡೆ.

ನವೆಂಬರ್ ಕೊನೆಯಲ್ಲಿ ಬೆಳಗಿನ ರೈಲು ಹತ್ತಿ ಯಶವಂತಪುರದಲ್ಲಿ ಇಳಿದೆವು. ಯಜಮಾನರಿಗೆ ಮನಸ್ಸಿರಲಿಲ್ಲ. ‘ಇನ್ನೂ ಎಷ್ಟು ಸಲ ನಾರ್ಮಲ್ ಅಂತ ಹೇಳಿಸಿಕೊಳ್ತೀಯ?’ ಅಂದಿದ್ದರು. ರಿಪೋರ್ಟಿನ ಫೈಲು ಅವರ ಕೈಯಲ್ಲಿ, ಅಳತೆ ಪುಸ್ತಕ ನನ್ನ ಬ್ಯಾಗಿನಲ್ಲಿ.

ಡಾಕ್ಟರು ಹುಬ್ಬಳ್ಳಿ ಕಡೆಯವರು. ನನ್ನ ವಯಸ್ಸಿನವರೇ ಇರಬೇಕು. ಯಜಮಾನರು ಫೈಲು ಚಾಚಿದರೆ ‘ಅದನ್ನ ಆಮೇಲೆ ನೋಡೂಣ್ರಿ’ ಅಂತ ಪಕ್ಕಕ್ಕಿಟ್ಟರು. ಮೊದಲ ಪ್ರಶ್ನೆಯೇ ‘ಮುಂಜಾನೆ ಎದ್ದ ಮ್ಯಾಲೆ ಕೈ ಸಡಲ ಆಗಾಕ ಎಷ್ಟೊತ್ತು ಬೇಕ್ರಿ?’ ಎಂಟು ತಿಂಗಳಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನು ಪುಸ್ತಕ ತೆಗೆದುಕೊಟ್ಟೆ. ಅವರು ಪುಟ ತಿರುಗಿಸಿ ನೋಡಿ ನಕ್ಕರು. ‘ನನ್ನ ಕೆಲಸ ಅರ್ಧಾ ನೀವ ಮಾಡೀರಲ್ರಿ!’ ಸವೆದ ಕೀಲಿನ ನೋವಾದರೆ ಬೆಳಿಗ್ಗೆಯ ಬಿಗಿತ ಅರ್ಧ ಗಂಟೆಯೊಳಗೆ ಹೋಗುತ್ತದಂತೆ, ಕೆಲಸ ಮಾಡಿದಷ್ಟೂ ನೋವು ಜಾಸ್ತಿಯಾಗುತ್ತದಂತೆ. ನನ್ನದು ಉಲ್ಟಾ. ಗಂಟೆಗಟ್ಟಲೆ ಬಿಗಿತ, ಕೆಲಸಕ್ಕೆ ಕೈ ಹಾಕಿದ ಮೇಲೆ ಸ್ವಲ್ಪ ಹಗುರ.

ಆಮೇಲೆ ಶುರುವಾಯಿತು ನಿಜವಾದ ಪರೀಕ್ಷೆ. ‘ನಮಸ್ಕಾರ ಮಾಡ್ರಿ’ ಅಂದರು. ನಾನು ದಡಬಡಿಸಿ ಎದ್ದು ನಮಸ್ಕಾರ ಮೇಡಂ ಅಂದೆ. ‘ಹಂಗಲ್ರಿ, ಎರಡೂ ಅಂಗೈ ಜೋಡಸಿ, ಮೊಣಕೈ ಎತ್ತರಸ್ರಿ.’ ಅಂಗೈ ಕೂಡಲಿಲ್ಲ. ನಡುವೆ ಒಂದು ನಿಂಬೆಹಣ್ಣು ಇಟ್ಟ ಹಾಗೆ ಸಂದು ಉಳಿಯಿತು. ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆನಲ್ಲ, ಕೈ ಕೂಡುತ್ತಿಲ್ಲ ಅಂತ ನನಗೆ ಗೊತ್ತೇ ಆಗಿರಲಿಲ್ಲ.

ಒಂದೊಂದೇ ಕೀಲನ್ನು ಎರಡು ಹೆಬ್ಬೆರಳಿನ ನಡುವೆ ಹಿಡಿದು ಒತ್ತುತ್ತಾ ಬಂದರು. ಒತ್ತಿದಾಗ ಅವರ ಉಗುರಿನ ತುದಿ ಬೆಳ್ಳಗಾಗುವಷ್ಟು, ಅದಕ್ಕಿಂತ ಜಾಸ್ತಿ ಇಲ್ಲ. ಭುಜ, ಮೊಣಕೈ, ಮಣಿಕಟ್ಟು, ಬೆರಳಿನ ಬುಡದ ಗೆಣ್ಣು, ನಡು ಗೆಣ್ಣು, ಮೊಣಕಾಲು. 28 ಕೀಲು. ಆಮೇಲೆ ಚಪ್ಪಲಿ ಬಿಡಿಸಿ ಕಾಲ್ಬೆರಳಿನ ಬುಡ ಹಿಂಡಿದರು. ಪ್ರತಿ ಸಲ ಒತ್ತಿದಾಗಲೂ ನನ್ನ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಕಾಗದದ ಮೇಲೆ ಒಂದು ಗೊಂಬೆ ಚಿತ್ರ, ಅದರ ಕೀಲುಗಳ ಮೇಲೆ ಗೆರೆ ಎಳೆಯುತ್ತಾ ಹೋದರು. ಬೆರಳ ತುದಿಯ ಗೆಣ್ಣುಗಳು ಮಾತ್ರ ಆರಾಮಾಗಿದ್ದವು. ಅದೂ ಒಂದು ಗುರುತಂತೆ. ಸವೆತವಾದರೆ ತುದಿಯ ಗೆಣ್ಣೇ ಮೊದಲು ಗಂಟು ಕಟ್ಟುತ್ತದೆ, ಗಟ್ಟಿಯಾಗಿ, ಮೂಳೆಯ ಹಾಗೆ. ನನ್ನ ಊತ ಮೆತ್ತಗಿತ್ತು. ಯಜಮಾನರ ಬೆರಳು ಹಿಡಿದು ನನ್ನ ಗೆಣ್ಣಿನ ಮೇಲೆ ಇಡಿಸಿದರು. ‘ಒತ್ತಿ ನೋಡ್ರಿ, ಹೆಂಗೈತಿ?’ ಅವರು ಮೆಲ್ಲಗೆ ಒತ್ತಿ ‘ಮೆತ್ತಗಿದೆ ಮೇಡಂ’ ಅಂದರು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಬೆರಳನ್ನು ಅವರು ಅಷ್ಟು ಹುಷಾರಾಗಿ ಮುಟ್ಟಿದ್ದು ಅದೇ ಮೊದಲಿರಬೇಕು.

ನೋವೋ ಊತವೋ ಇದ್ದ ಕೀಲುಗಳು ಒಟ್ಟು 14.

ಕಿವಿ ಹಿಂದೆ, ತಲೆಯ ಚರ್ಮ, ಉಗುರು ಎಲ್ಲಾ ನೋಡಿದರು. ಸೋರಿಯಾಸಿಸ್ ಇದ್ದವರಿಗೆ ಬರುವ ಕೀಲುವಾತದಲ್ಲೂ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇರುತ್ತದಂತೆ. ಬಾಯಿ ಹುಣ್ಣು, ಬಿಸಿಲಿಗೆ ಗುಳ್ಳೆ, ಕಣ್ಣು ಒಣಗುವುದು, ಬೆಳಗಿನ ಜಾವದ ಬೆನ್ನುನೋವು, ಮನೆಯಲ್ಲಿ ಯಾರಿಗಾದರೂ ಇದೆಯಾ, ಎಲ್ಲಾ ಕೇಳಿದರು. ಆಗ ಅತ್ತೆ ಹೇಳಿದ ಸೋದರತ್ತೆಯ ಕಥೆ ಹೇಳಿದೆ. ‘ಅವರು ನಿಮಗ ರಕ್ತಸಂಬಂಧ ಅಲ್ಲಲ್ರಿ!’ ಅಂತ ನಕ್ಕರು. ಪುಡಿಯ ವಿಷಯ ಹೇಳಿದಾಗ ಮಾತ್ರ ನಗಲಿಲ್ಲ. ಹೆಸರಿಲ್ಲದ ಇಂಥ ಪುಡಿಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಬೆರೆಸಿರುತ್ತಾರೆ, ಅದು ಸಿಆರ್‌ಪಿಯನ್ನೂ ಇಳಿಸಿಬಿಡಬಹುದು, ಹೊಟ್ಟೆಗೆ ತಿನ್ನುತ್ತಾ ಇದ್ದು ದಿಢೀರ್ ಅಂತ ನಿಲ್ಲಿಸುವುದೂ ಅಪಾಯ ಅಂದರು.

ಕೊನೆಗೆ ಫೈಲು ತೆರೆದರು. ಒಂದೇ ನಿಮಿಷ. ‘ರಕ್ತದಾಗ ಸಿಗಲಿಲ್ಲ ಅಂದ್ರ ರೋಗ ಇಲ್ಲ ಅಂತ ಅಲ್ರೀ. ಈ ರೋಗ ಇದ್ದ ಹತ್ತು ಮಂದ್ಯಾಗ ಇಬ್ಬರು ಮೂವರಿಗೆ ಎರಡೂ ಟೆಸ್ಟ್ ನೆಗೆಟಿವ್ ಇರ್ತಾವು. ಸಿರೋನೆಗೆಟಿವ್ ಅಂತೀವಿ.’ ಏನೂ ಕಾಯಿಲೆ ಇಲ್ಲದ ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರುವುದೂ ಉಂಟಂತೆ. ಎಕ್ಸ್‌ರೇಯಲ್ಲಿ ಮೂಳೆ ತಿಂದುಹೋಗಿರುವುದು ಕಾಣೋಕೆ ಸಮಯ ಬೇಕು, ಮೊದಲ ತಿಂಗಳುಗಳಲ್ಲಿ ಅದು ಚೆನ್ನಾಗೇ ಇರುತ್ತದೆ ಅಂದರು. ಸರಿಯೇ. ಬ್ಲೌಸಿನ ಅಳತೆಯೂ ಪುಸ್ತಕದಲ್ಲಿ ಸರಿ ಇರುತ್ತೆ, ತೊಟ್ಟು ನೋಡಿದರೆ ಕಂಕುಳಲ್ಲಿ ಹಿಡಿಯುತ್ತೆ. ನಾವು ತೊಡಿಸದೆ ಕಳಿಸಲ್ಲ.

ಯಜಮಾನರಿಗೆ ಸಮಾಧಾನ ಇರಲಿಲ್ಲ. ‘ಹಾಗಾದ್ರೆ ಯಾವ ಆಧಾರದ ಮೇಲೆ ಹೇಳ್ತೀರಿ ಮೇಡಂ?’ ಅಂತ ಕೇಳೇಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಪ್ಯಾಡಿನ ಮೇಲೆ ಲೆಕ್ಕ ಬರೆದರು. 2010ರಲ್ಲಿ ಅಮೆರಿಕದ ಮತ್ತು ಯುರೋಪಿನ ಕೀಲುವಾತ ತಜ್ಞರ ಸಂಘಗಳು ಸೇರಿ ಮಾಡಿದ ಲೆಕ್ಕವಂತೆ. ಒಟ್ಟು 10 ಅಂಕ, 6 ಬಂದರೆ ರುಮಟಾಯ್ಡ್ ಆರ್ಥ್ರೈಟಿಸ್. ಕೀಲುಗಳಿಗೆ 5ರವರೆಗೆ, ರಕ್ತದ ಆ ಎರಡು ಪರೀಕ್ಷೆಗಳಿಗೆ 3ರವರೆಗೆ, ಇಎಸ್‌ಆರ್ ಅಥವಾ ಸಿಆರ್‌ಪಿ ಜಾಸ್ತಿ ಇದ್ದರೆ 1, ಆರು ವಾರ ದಾಟಿದ್ದರೆ 1. ಈ ನೋವಿಗೆ ಬೇರೆ ಕಾಯಿಲೆ ಕಾರಣವಲ್ಲ ಅಂತ ಖಾತ್ರಿ ಆಗಿರಬೇಕು. ನನಗೆ ರಕ್ತದಲ್ಲಿ ಸೊನ್ನೆ, ಸಿಆರ್‌ಪಿಯಲ್ಲಿ ಸೊನ್ನೆ. ಸಣ್ಣ ಕೀಲೂ ಸೇರಿ ಹತ್ತಕ್ಕಿಂತ ಹೆಚ್ಚು ಕೀಲು, ಅದಕ್ಕೆ 5. ಎಂಟು ತಿಂಗಳು, ಅದಕ್ಕೆ 1. ಕೂಡಿದರೆ ಸರಿಯಾಗಿ 6. ಯಜಮಾನರು ಆ ಚೀಟಿಯನ್ನು ಎರಡು ಸಲ ಕೂಡಿ ನೋಡಿದರು. ಆಮೇಲೆ ಜೇಬಿನಲ್ಲಿಟ್ಟುಕೊಂಡರು. ಇವತ್ತಿಗೂ ಅದು ಅವರ ಮಂಡಿಯ ಡೈರಿಯಲ್ಲಿದೆ.

ಸರಿಯಾಗಿ 6 ಅಂದರೆ ಏನು ನೋಡಿ. ನಾಲ್ಕು ಕೀಲು ಕಡಿಮೆ ಇದ್ದಿದ್ದರೆ ನಾನು ಫೇಲ್. ರಕ್ತ ಪಾಸಿಟಿವ್ ಇದ್ದವರು ನಾಲ್ಕೈದು ಕೀಲು ನೋಯುವಾಗಲೇ ಪಾಸಾಗಿಬಿಡುತ್ತಾರೆ. ನೆಗೆಟಿವ್ ಇದ್ದವರಿಗೆ ಅಷ್ಟು ಜಾಸ್ತಿ ನೋಯಬೇಕು.

ಖಾತ್ರಿಗೆ ಅಂತ ಕೈಗೆ ಅಲ್ಟ್ರಾಸೌಂಡ್ ಮಾಡಿಸಿದರು. ಬಸುರಿಯರಿಗೆ ಮಾಡುವುದಷ್ಟೇ ನನಗೆ ಗೊತ್ತಿತ್ತು. ಮಣಿಕಟ್ಟಿಗೆ ತಣ್ಣನೆಯ ಜೆಲ್ ಹಾಕಿ ಮೇಲೆ ಸರಿಸಿದರು. ಪರದೆ ತುಂಬ ಬೂದಿ ಬಣ್ಣ. ಯಾವುದೋ ಒಂದು ಗುಂಡಿ ಒತ್ತಿದರು ನೋಡಿ, ಮೂಳೆಯ ಮೇಲಿನ ಪದರದಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಮಿಣಮಿಣ ಅಂತ ಉರಿದು ಆರತೊಡಗಿದವು. ರಾತ್ರಿ ಮುಚ್ಚಿಟ್ಟ ಒಲೆಯ ಬೂದಿ ಕೆದಕಿದರೆ ಕೆಂಡ ಕಾಣುತ್ತಲ್ಲ, ಹಾಗೆ. ಕೀಲಿನ ಒಳಪದರ ಊದಿಕೊಂಡು ಅಲ್ಲಿಗೆ ರಕ್ತ ಜಾಸ್ತಿ ನುಗ್ಗುತ್ತಿದೆ, ಅದೇ ಇದು ಅಂದರು. ನಾನು ಅದನ್ನು ನೋಡುತ್ತಾ ಜೋರಾಗಿ ಅತ್ತುಬಿಟ್ಟೆ. ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಗಾಬರಿಯಾಗಿ ನೋವಾಯ್ತಾ ಅಂತ ಕೇಳಿದಳು. ಅಲ್ಲ, ಸಮಾಧಾನ ಆಯ್ತು ಅಂದೆ. ಅವಳಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

ವಾಪಸ್ ರೈಲಿನಲ್ಲಿ ಯಜಮಾನರು ಮಾತಾಡಲಿಲ್ಲ. ದಾಬಸ್‌ಪೇಟೆ ದಾಟಿದ ಮೇಲೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ತೆರೆದು, ನನ್ನ ಕೈಗೆ ಕೊಟ್ಟರು. ನಾನು ಕೇಳಿರಲಿಲ್ಲ.

ಮಾತ್ರೆ ಶುರು ಮಾಡುವ ಮುಂಚೆ ಇನ್ನೊಂದಿಷ್ಟು ಪರೀಕ್ಷೆ: ಹೆಪಟೈಟಿಸ್ ಬಿ ಮತ್ತು ಸಿ, ಲಿವರ್, ಕಿಡ್ನಿ, ಎದೆಯ ಎಕ್ಸ್‌ರೇ. ಆಮೇಲೆ ಮೆಥೋಟ್ರೆಕ್ಸೇಟ್, ಮೊದಲು 10 ಮಿಲಿಗ್ರಾಂ, ಒಂದು ತಿಂಗಳಾದ ಮೇಲೆ 15. ಇದನ್ನು ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ದಿನಾ ತಗೊಂಡು ಪ್ರಾಣ ಕಳೆದುಕೊಂಡವರಿದ್ದಾರೆ ಅಂತ ಹೇಳಿ, ನನ್ನ ಬಾಯಲ್ಲಿ ಮೂರು ಸಲ ‘ಭಾನುವಾರ ಮಾತ್ರ’ ಅಂತ ಹೇಳಿಸಿದರು, ಶಾಲೆಯಲ್ಲಿ ಮಗ್ಗಿ ಹೇಳಿಸಿದ ಹಾಗೆ. ಆ ದಿನ ಬಿಟ್ಟು ಫೋಲಿಕ್ ಆಸಿಡ್. ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್, ಅದಕ್ಕೆ ಆಗಾಗ ಕಣ್ಣು ತೋರಿಸಬೇಕು. ಮೊದಲ ಆರು ವಾರ ಸ್ವಲ್ಪ ಸ್ಟಿರಾಯ್ಡ್, ಅದೂ ಇಳಿಸುತ್ತಾ. ಪುಡಿಯಲ್ಲಿ ಲೆಕ್ಕವಿಲ್ಲದೆ ತಿಂದದ್ದನ್ನೇ ಈಗ ಲೆಕ್ಕ ಇಟ್ಟು ತಿಂದೆ ಅನ್ನಿ.

ಮಗಳು ಮೊಬೈಲಲ್ಲಿ ಹುಡುಕಿ ಇದು ಕ್ಯಾನ್ಸರಿನ ಔಷಧಿ ಅಂತ ಮುಖ ಸಣ್ಣದು ಮಾಡಿಕೊಂಡಳು. ಫೋನು ಮಾಡಿ ಕೇಳಿದೆವು. ಹೌದು, ಆದರೆ ಅಲ್ಲಿ ಕೊಡುವ ಪ್ರಮಾಣವೇ ಬೇರೆ, ಬಹಳ ಜಾಸ್ತಿ ಅಂದರು. ಅತ್ತೆಗೆ ಈ ವಿಷಯ ಹೇಳಲಿಲ್ಲ.

ಎರಡು ತಿಂಗಳು ಏನೂ ಗೊತ್ತಾಗಲಿಲ್ಲ. ಸ್ಟಿರಾಯ್ಡ್ ಇಳಿದ ಮೇಲೆ ನೋವು ಮತ್ತೆ ಇಣುಕಿತು, ಬಾಚಣಿಗೆ ತುಂಬ ಕೂದಲು. ನಿಧಾನ ಇರಲಿ, ಇದು ಮೂರು ತಿಂಗಳು ತಗೊಳ್ಳುತ್ತೆ ಅಂತ ಮೊದಲೇ ಹೇಳಿದ್ದರು, ಇಲ್ಲದಿದ್ದರೆ ಬಿಟ್ಟೇಬಿಡುತ್ತಿದ್ದೆ. ಹನ್ನೊಂದನೇ ವಾರ ಬೆಳಿಗ್ಗೆ ಏಳೂಕಾಲಿಗೆ ಮುಷ್ಟಿ ಮಡಚಿತು. ಪುಸ್ತಕದಲ್ಲಿ 7.15 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಅವತ್ತು ಹುಕ್ಸಿನ ಪ್ಯಾಕೆಟ್ ಬಿಚ್ಚಿದೆ. ಒಂದು ಬ್ಲೌಸಿಗೆ ಆರು ಹುಕ್ಕು. ಮುಕ್ಕಾಲು ಗಂಟೆ ಹಿಡಿಯಿತು, ಒಂದೂ ಬೀಳಲಿಲ್ಲ.

ಪೂರ್ತಿ ವಾಸಿಯಾಗಿಲ್ಲ. ಮದುವೆ ಸೀಸನ್ನಿನಲ್ಲಿ ಬಲಗೈ ನಡುಬೆರಳು ಈಗಲೂ ಕಿರಿಕಿರಿ ಮಾಡುತ್ತೆ. ದಪ್ಪ ಬಟ್ಟೆ ಕತ್ತರಿಸಲು ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದೇನೆ. ಮೂರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ. ವರ್ಷ ಕಳೆದ ಮೇಲೆ ಆ್ಯಂಟಿ ಸಿಸಿಪಿ ಇನ್ನೊಂದು ಸಲ ನೋಡಿದರು, ಆಗಲೂ ನೆಗೆಟಿವ್. ಲ್ಯಾಬಿನ ಹುಡುಗ ಕವರ್ ಕೊಡುತ್ತಾ ‘ಏನೂ ಇಲ್ಲಕ್ಕಾ, ಆರಾಮಾಗಿರಿ’ ಅಂದ. ಆಯ್ತಪ್ಪ ಅಂದೆ. ಗೌರಿ ಹಬ್ಬಕ್ಕೆ ಎರಡು ಆರೇ ತೊಟ್ಟೆ. ಎರಡು ನಾಲ್ಕು ಕೇಳುವ ಧೈರ್ಯ ಬರಲಿಲ್ಲ.

ಭಾನುವಾರ ರಾತ್ರಿ ಮಾತ್ರೆ ತಗೊಂಡರೆ ಸೋಮವಾರ ಇಡೀ ದಿನ ಹೊಟ್ಟೆ ತೊಳಸುತ್ತೆ, ತಲೆ ಎತ್ತೋಕಾಗಲ್ಲ. ಅದಕ್ಕೆ ಅಂಗಡಿ ಬೋರ್ಡಿನಲ್ಲಿ ‘ಭಾನುವಾರ ರಜೆ’ ಅಂತ ಇದ್ದದ್ದನ್ನು ಅಳಿಸಿ ‘ಸೋಮವಾರ ರಜೆ’ ಅಂತ ಬರೆಸಿದೆ. ಎದುರು ಮನೆಯ ಅಜ್ಜಿ ಊರೆಲ್ಲಾ ಹೇಳಿಕೊಂಡು ಬಂದಿದ್ದಾರೆ, ಟೈಲರಮ್ಮ ಸೋಮವಾರ ಶಿವನ ವ್ರತ ಹಿಡಿದಿದ್ದಾರೆ ಅಂತ. ಆ ದಿನ ಏನೂ ತಿನ್ನಲ್ಲವಂತೆ ಅಂತಲೂ ಸೇರಿಸಿದ್ದಾರೆ. ಅದು ಮಾತ್ರ ನಿಜ.